ಹೋದೆನೋ, ಹೋಗಿದ್ದೆನೋ

— ಸಾರ್, ಒಂದು ಗ್ರಾಮರ್ ಡೌಟ್ ಇದೆ. ನಗಬಾರದು.

— ಎಸ್ಸೆಸ್ಸೆಲ್ಸಿ ಮುಗಿಸಿ ಇಷ್ಟು ವರ್ಷ ಆದಮೇಲೂ ಡೌಟ್ ಕೇಳೋಕೆ ಹಾಸನದವರೆಗೆ ಬಂದವರನ್ನ ನೋಡಿ ನಗ್ತಾರೇನಮ್ಮ? ಹಾರ ಹಾಕ್ಬೇಕು. ಕೂತ್ಕೋ.

— ನಿಜ ಹೇಳ್ಬಿಡ್ತೀನಿ, ಬಂದದ್ದು ಸೋದರತ್ತೆ ಮಗಳ ನಿಶ್ಚಿತಾರ್ಥಕ್ಕೆ. ಡೌಟು ಜೊತೇಲಿತ್ತು ಅಷ್ಟೆ. 'ಹ್ಯಾಡ್' ವಿಷಯ. ಆಫೀಸಲ್ಲಿ ನನ್ನ ಮಾನ ತೆಗೆದಿದೆ ಸಾರ್ ಅದು.

— ಏನಾಯ್ತು, ಬಿಡಿಸಿ ಹೇಳು.

— ನಮ್ಮದು ಸರ್ವರ್ ಕಾಯೋ ಕೆಲಸ. ರಾತ್ರಿ ಪಾಳಿ. ಏನಾದ್ರೂ ಕೆಟ್ರೆ ಸರಿಮಾಡಿ, ಬೆಳಗಾಗೋದ್ರೊಳಗೆ ಒಂದು ರಿಪೋರ್ಟ್ ಬರೆದು ಲಂಡನ್ನಲ್ಲಿರೋ ಮ್ಯಾನೇಜರಿಗೆ ಕಳಿಸ್ಬೇಕು. ಹೋದ ತಿಂಗಳು ಒಂದು ರಾತ್ರಿ ಸರ್ವರ್ ಬಿತ್ತು. ನಾನು ಬರೆದೆ: 'ದಿ ಸರ್ವರ್ ಹ್ಯಾಡ್ ಕ್ರ್ಯಾಶ್ಡ್ ಅಟ್ 2:10. ವಿ ಹ್ಯಾಡ್ ರೀಸ್ಟಾರ್ಟೆಡ್ ಇಟ್ ಅಟ್ 2:25. ದಿ ಡಿಸ್ಕ್ ಹ್ಯಾಡ್ ಫಿಲ್ಡ್ ಅಪ್.' ಆತ ಮೂರೂ ಹ್ಯಾಡ್‌ಗೆ ಹಳದಿ ಬಣ್ಣ ಬಳಿದು ಪಕ್ಕದಲ್ಲಿ 'ಬಿಫೋರ್ ವಾಟ್?' ಅಂತ ಬರೆದು ವಾಪಸ್ ಕಳಿಸಿದ. ಯಾವುದಕ್ಕಿಂತ ಮುಂಚೆ ಅಂತ.

— ಒಳ್ಳೆ ಮೇಷ್ಟ್ರಾಗಬಹುದಿತ್ತು ಆ ಮನುಷ್ಯ. ನಾನು ಇಡೀ ಪೀರಿಯಡ್ ತಗೊಂಡು ಹೇಳ್ತಿದ್ದದ್ದನ್ನ ಎರಡು ಪದದಲ್ಲಿ ಮುಗಿಸಿದ್ದಾನೆ.

— ಇನ್ನೂ ಇದೆ ಕೇಳಿ. ನನಗೆ ಸಿಟ್ಟು ಬಂತು. ಹ್ಯಾಡಿನ ಸಹವಾಸವೇ ಬೇಡ ಅಂತ ಮೂರನ್ನೂ ಕಿತ್ತುಹಾಕಿದೆ. 'ವೆನ್ ವಿ ರೀಸ್ಟಾರ್ಟೆಡ್ ದಿ ಸರ್ವರ್, ದಿ ಡಿಸ್ಕ್ ಫಿಲ್ಡ್ ಅಪ್' ಅಂತ ಬರೆದೆ. ಮಾರನೇ ದಿನ ಮೀಟಿಂಗ್. ರೀಸ್ಟಾರ್ಟ್ ಮಾಡಿದ್ದಕ್ಕೆ ಡಿಸ್ಕ್ ಹೇಗೆ ತುಂಬಿತು, ಯಾರು ಮಾಡಿದ್ದು, ಯಾರನ್ನ ಕೇಳಿ ಮಾಡಿದ್ರಿ ಅಂತ ಅರ್ಧ ಗಂಟೆ ವಿಚಾರಣೆ. ಡಿಸ್ಕ್ ತುಂಬಿದ್ದು 1:50ಕ್ಕೆ ಸಾರ್! ಲಾಗ್ ಫೈಲ್ ಊದಿಕೊಂಡಿತು, ಡಿಸ್ಕ್ ಭರ್ತಿ ಆಯ್ತು, ಅದಕ್ಕೇ ಸರ್ವರ್ ಬಿತ್ತು. ನಾವು ರೀಸ್ಟಾರ್ಟ್ ಮಾಡೋಕೆ ಹೋದಾಗ ಅದು ಆಗಲೇ ತುಂಬಿತ್ತು.

— ಈಗಂದೆಯಲ್ಲ, 'ತುಂಬಿತ್ತು'. 'ತುಂಬಿತು' ಅನ್ನಲಿಲ್ಲ. ಇರೋದೇ ಒಂದು ತ-ಒತ್ತಿನ ವ್ಯತ್ಯಾಸ ಕಣಮ್ಮ. ಕನ್ನಡದಲ್ಲಿ ನಿನ್ನ ನಾಲಿಗೆ ತಡವರಿಸಲಿಲ್ಲ. ಇಂಗ್ಲಿಷಲ್ಲಿ ಮಾತ್ರ ಆ ಒತ್ತನ್ನ ಮೂರು ಕಡೆ ಹಾಕಿ ಒಂದು ಸಲ ಸಿಕ್ಕಿಬಿದ್ದೆ, ಮೂರು ಕಡೆಯೂ ತೆಗೆದು ಇನ್ನೊಂದು ಸಲ.

— ಮತ್ತೆ ರೂಲ್ ಏನು? ನೀವೇ ಹೇಳಿಕೊಟ್ಟದ್ದು ನೆನಪಿದೆ. ಎರಡು ಕೆಲಸ ನಡೆದಿದ್ರೆ ಮೊದಲು ನಡೆದದ್ದಕ್ಕೆ ಹ್ಯಾಡ್. ಡಾಕ್ಟರು, ಪೇಶೆಂಟು.

— 'ದಿ ಪೇಶೆಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್.' ಅಯ್ಯೋ, ಆ ರೋಗಿ! ಮೂವತ್ತೆರಡು ವರ್ಷದ ಸರ್ವೀಸಲ್ಲಿ ವರ್ಷಕ್ಕೆ ಮೂರು ಸೆಕ್ಷನ್ನಂತೆ ಅವನನ್ನ ಸಾಯಿಸಿದ್ದೀನಿ. ಅವನಿಗೊಬ್ಬ ಜೊತೆಗಾರ ಇದ್ದ, 'ದಿ ಪೇಶೆಂಟ್ ಡೈಡ್ ಆಫ್ಟರ್ ದಿ ಡಾಕ್ಟರ್ ಹ್ಯಾಡ್ ಕಮ್'. ಇವನು ಸತ್ತ ತಕ್ಷಣ ಹಿಂದಿನ ಬೆಂಚಿನವರು 'ಡಾಕ್ಟರೇ ಕೊಂದ್ರು ಸಾರ್' ಅನ್ನೋರು. ಎರಡೂ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಪಾಠ ಹೇಳೋಕೆ ಅದಕ್ಕಿಂತ ಕೆಟ್ಟ ಉದಾಹರಣೆ ಇಲ್ಲ ಅಂತ ನನಗೆ ಹೊಳೆದದ್ದು ರಿಟೈರ್ ಆದಮೇಲೆ.

— ಯಾಕೆ?

— 'ಬಿಫೋರ್' ಅನ್ನೋ ಪದವೇ ಅಲ್ಲಿ ಕೂತಿದೆಯಲ್ಲ. ಯಾವುದು ಮೊದಲು ಅಂತ ಅದೇ ಕೂಗಿ ಹೇಳ್ತಿದೆ. 'ದಿ ಪೇಶೆಂಟ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್' ಅಂದ್ರೂ ಅವನು ಮೊದಲೇ ಸತ್ತ ಅಂತ ಯಾರಿಗೂ ಅನುಮಾನ ಬರಲ್ಲ. ಬಿಫೋರ್, ಆಫ್ಟರ್ ಇದ್ದ ಕಡೆ ಇಂಗ್ಲಿಷಿನವರು ಎಷ್ಟೋ ಸಲ ಸಿಂಪಲ್ ಪಾಸ್ಟಲ್ಲೇ ಮುಗಿಸ್ತಾರೆ. ಹ್ಯಾಡ್ ಹಾಕಿದ್ರೂ ಸರಿ, ಬಿಟ್ರೂ ಸರಿ. ನಾವು ನೋಡು, ಹಾಕಿದ್ರೂ ಬಿಟ್ರೂ ನಡೆಯೋ ಜಾಗವನ್ನೇ ಹುಡುಕಿ, ಅಲ್ಲೇ ಕಡ್ಡಾಯ ಅಂತ ಕೆಂಪು ಇಂಕಲ್ಲಿ ಅರ್ಧ ಮಾರ್ಕು ಕಳೀತಿದ್ವಿ.

— ನನ್ನದೂ ಕಳೆದಿದ್ದೀರಿ.

— ಕಳೆದಿರ್ತೀನಿ. ಹ್ಯಾಡ್ ಇಲ್ಲದೆ ಆಗೋದೇ ಇಲ್ಲ ಅನ್ನೋದು 'ವೆನ್' ಬಂದಾಗ. ವೆನ್‌ಗೆ ಹಿಂದು ಮುಂದು ಗೊತ್ತಿಲ್ಲ. 'ವೆನ್ ಐ ರೀಚ್ಡ್ ಹೋಮ್, ಮೈ ಫಾದರ್ ಏಟ್' ಅಂದ್ರೆ ಅಪ್ಪ ನನಗೋಸ್ಕರ ಕಾದುಕೊಂಡಿದ್ರು, ನಾನು ಬಂದಮೇಲೆ ಎಲೆ ಹಾಕಿಸಿಕೊಂಡ್ರು. 'ಮೈ ಫಾದರ್ ಹ್ಯಾಡ್ ಈಟನ್' ಅಂದ್ರೆ ಕಾಯಲಿಲ್ಲ, ನಾನು ಚಪ್ಪಲಿ ಬಿಡೋ ಹೊತ್ತಿಗೆ ಅವರು ಕೈ ತೊಳೆದು ಎದ್ದಾಗಿತ್ತು. ಮನೆಯೊಳಗಿನ ಸಮಾಚಾರವೇ ಬೇರೆ ಆಗೋಯ್ತು. ನಿನ್ನ ಡಿಸ್ಕಿಗೆ ಆದದ್ದೂ ಅದೇ. ಫಿಲ್ಡ್ ಅಪ್ ಅಂದೆ, ನೀನು ಬಂದಮೇಲೆ ತುಂಬಿತು ಅಂತ ಅವರು ಓದಿಕೊಂಡ್ರು.

— ಅದು ಅರ್ಥ ಆಯ್ತು. ನನಗೆ ಅರ್ಥವಾಗದೇ ಇರೋದು ಮೊದಲನೇ ತಪ್ಪು. ವೆನ್ ಇಲ್ಲ, ಬಿಫೋರ್ ಇಲ್ಲ, ಒಂದೇ ಒಂದು ಕೆಲಸ ಇರೋ ಕಡೆಯೂ ನನ್ನ ಕೈ ತಾನಾಗಿ ಹ್ಯಾಡ್ ಅಂತ ಬರೆಯುತ್ತಲ್ಲ, ಯಾಕೆ? ನಾನೊಬ್ಬಳೇ ಅಲ್ಲ ಸಾರ್. ಸೋಮವಾರ ಆಫೀಸಿಗೆ ಬಂದು ನೋಡಿ. 'ಐ ಹ್ಯಾಡ್ ಗಾನ್ ಟು ಮೈಸೂರ್', 'ವಿ ಹ್ಯಾಡ್ ಸೀನ್ ಎ ಮೂವಿ', 'ಐ ಹ್ಯಾಡ್ ಸೆಂಟ್ ಯು ಎ ಮೇಲ್'. ಎಲ್ಲರದ್ದೂ ಇದೇ ರಾಗ. ಹಿಂದಿಯವರೂ ಹಾಗೇ ಅಂತಾರೆ.

— ಹಿಂದಿಯವರ 'ಗಯಾ ಥಾ' ನಮ್ಮ 'ಹೋಗಿದ್ದೆ'ಗೆ ದಾಯಾದಿ ಇದ್ದ ಹಾಗೆ, ಅದಕ್ಕೇ. ಈಗ ಕನ್ನಡದಲ್ಲಿ ಹೇಳು ನೋಡೋಣ, ಹೋದ ಭಾನುವಾರ ಎಲ್ಲಿಗೆ ಹೋಗಿದ್ದೆ?

— ಮೈಸೂರಿಗೆ ಹೋಗಿದ್ದೆ.

— 'ಮೈಸೂರಿಗೆ ಹೋದೆ' ಅಂತ ಯಾಕನ್ನಲಿಲ್ಲ?

— 'ಭಾನುವಾರ ಮೈಸೂರಿಗೆ ಹೋದೆ'... ಅದು ಅರ್ಧಕ್ಕೇ ನಿಂತ ಹಾಗಿದೆ. ಹಾಗಂದ್ರೆ ಎದುರಿಗಿರೋರು 'ಹ್ಞೂಂ, ಆಮೇಲೆ?' ಅಂತಾರೆ. ಹೋದೆ, ಅರಮನೆ ಮುಂದೆ ಮಳೆ ಹಿಡ್ಕೊಂತು, ಆಟೋ ಸಿಗಲಿಲ್ಲ ಅಂತ ಏನೋ ಕಥೆ ಮುಂದುವರಿಸ್ಬೇಕು. 'ಹೋಗಿದ್ದೆ' ಅಂದ್ರೆ ಹೋಗಿ ವಾಪಸ್ ಬಂದೂ ಆಯ್ತು. ಮುಗೀತು.

— ಅದನ್ನೇ ಇಂಗ್ಲಿಷಿಗೆ ಹಾಕು. 'ಐ ವೆಂಟ್ ಟು ಮೈಸೂರ್ ಆನ್ ಸಂಡೇ.' ಮುಗೀತು. 'ಐ ಹ್ಯಾಡ್ ಗಾನ್ ಟು ಮೈಸೂರ್' ಅಂದ್ಯೋ, ಕೇಳೋನು ಬಾಯಿಬಿಟ್ಟುಕೊಂಡು ಕಾಯ್ತಾನೆ. ಹೋಗಿದ್ದೆ, ಸರಿ, ಅಷ್ಟರಲ್ಲಿ ಏನಾಯ್ತು?

— ಅಂದ್ರೆ ಪೂರ್ತಿ ಉಲ್ಟಾ! ನಮ್ಮಲ್ಲಿ 'ಹೋದೆ' ಕಾಯಿಸುತ್ತೆ, 'ಹೋಗಿದ್ದೆ' ಮುಗಿಸುತ್ತೆ. ಅವರಲ್ಲಿ 'ವೆಂಟ್' ಮುಗಿಸುತ್ತೆ, 'ಹ್ಯಾಡ್ ಗಾನ್' ಕಾಯಿಸುತ್ತೆ. ಆತ 'ಬಿಫೋರ್ ವಾಟ್' ಅಂದದ್ದು ಕಾದೂ ಕಾದೂ ಸಾಕಾಗಿ.

— ನೋಡಿದ್ಯಾ, ಇದು ಯಾವ ಗೈಡಲ್ಲೂ ಇಲ್ಲ. ನಿಮ್ಮಮ್ಮ ಅಡುಗೆಮನೇಲಿದ್ದಾರೆ ಅಂತಿಟ್ಕೋ. ಗೇಟ್ ಸದ್ದಾಯ್ತು. 'ಯಾರೇ ಬಂದ್ರು?' ಅಂತ ಕೂಗಿದ್ರೆ, ಬಂದವರು ಇನ್ನೂ ಹಜಾರದಲ್ಲೇ ಇದ್ದಾರೆ, ಡಿಕಾಕ್ಷನ್ ಹಾಕ್ಬೇಕು. 'ಯಾರೇ ಬಂದಿದ್ರು?' ಅಂದ್ರೆ ಬಂದವರು ಹೊರಟೂ ಆಯ್ತು. ಸಣ್ಣ ಮಗುವೂ ಈ ಎರಡನ್ನ ಅದಲುಬದಲು ಮಾಡಲ್ಲ. 'ನಿಮ್ಮ ಮನೆಗೆ ಬಂದಿದ್ದೆ, ಬೀಗ ಹಾಕಿತ್ತು', 'ಕರೆಂಟ್ ಹೋಗಿತ್ತು', 'ಜ್ವರ ಬಂದಿತ್ತು'. ಬಂದದ್ದು ಹೋಯ್ತು, ಹೋದದ್ದು ಬಂತು, ಈಗ ಅದರ ಗುರುತೇನೂ ಉಳಿದಿಲ್ಲ. ನಮ್ಮ 'ಇದ್ದ', 'ಇತ್ತು' ಇಷ್ಟನ್ನೂ ಹೊತ್ಕೊಂಡಿರುತ್ತೆ. ಸರ್ವರ್ ಬಿದ್ದಿತ್ತು ಅಂತ ನೀನು ಬರೆದಾಗ ನಿನ್ನ ಮನಸ್ಸಲ್ಲಿದ್ದದ್ದು 'ಬಿದ್ದಿತ್ತು, ಈಗ ಎದ್ದಿದೆ, ಗಾಬರಿ ಬೇಡ' ಅಂತ. ಅದನ್ನ ಹ್ಯಾಡ್ ಹೊರಲ್ಲ. ನೀನು ಕನ್ನಡದಲ್ಲಿ ಸರಿಯಾಗೇ ಯೋಚಿಸಿ ಇಂಗ್ಲಿಷಲ್ಲಿ ತಪ್ಪು ಪದ ಹಾಕಿದೆ.

— ಹೋಗಿ, ಇದ್ದೆ. ಗಾನ್, ಹ್ಯಾಡ್. ತುಂಡು ತುಂಡಾಗಿ ಜೋಡಿಸಿದ್ರೆ ಸರಿಹೊಂದುತ್ತಲ್ಲ ಸಾರ್, ಅದಕ್ಕೇ ಮೋಸಹೋಗೋದು.

— ತುಂಡುಗಳೂ ಪೂರ್ತಿ ಹೊಂದಲ್ಲ. ನಮ್ಮದು 'ಇರು'. ಅವರದ್ದು ಹ್ಯಾವ್, ಅಂದ್ರೆ ಹತ್ತಿರ ಇಟ್ಟುಕೊಳ್ಳೋದು. ಹಳೇ ಇಂಗ್ಲಿಷಲ್ಲಿ ಅದು ಅಕ್ಷರಶಃ ಹಾಗೇ ಇತ್ತು: ಬರೆದ ಕಾಗದ ನನ್ನ ಕೈಲಿ ಇತ್ತು ಅನ್ನೋದು ಸವೆದು ಸವೆದು ಬರೆದಿದ್ದೆ ಅಂತಾಯ್ತು. ನಾವು 'ಬರೆದಿಟ್ಟಿದ್ದೆ' ಅಂತೀವಲ್ಲ, ಅದಕ್ಕೆ ಹತ್ತಿರ. ಇನ್ನೊಂದು ಮಜಾ ಏನಂದ್ರೆ, ಹೋಗು, ಬಾ ಅನ್ನೋ ಥರದ ಕ್ರಿಯಾಪದಗಳಿಗೆ ಹಿಂದೆ ಅವರೂ ಹ್ಯಾಡ್ ಹಾಕ್ತಿರಲಿಲ್ಲ, ನಮ್ಮ ಹಾಗೆ 'ಇರು' ಅನ್ನೋದನ್ನೇ ಹಾಕ್ತಿದ್ರು. 'ಹಿ ವಾಸ್ ಕಮ್' ಅಂತ. 1611ರ ಬೈಬಲ್ ತೆಗೆದ್ರೆ ಬೇಕಾದಷ್ಟು ಸಿಗುತ್ತೆ. ಆಮೇಲೆ ಹ್ಯಾಡ್ ಬಂದು ಆ ಜಾಗವನ್ನೆಲ್ಲ ಒತ್ತುವರಿ ಮಾಡಿಕೊಂಡಿತು.

— ಸಂಸ್ಕೃತದಲ್ಲಿ ಮೂರು ಭೂತಕಾಲ ಇದೆಯಂತಲ್ಲ?

— ಇದೆ. ಪಾಣಿನಿ ಮಾಡಿದ ಭಾಗ ಬೇರೆ ಥರ. ಇವತ್ತಿನದಲ್ಲದ ಭೂತಕ್ಕೆ ಲಙ್, ಕಣ್ಣಾರೆ ಕಾಣದ್ದಕ್ಕೆ ಲಿಟ್, ಸಾಮಾನ್ಯ ಭೂತಕ್ಕೆ ಲುಙ್. ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕ ಅಲ್ಲಿಲ್ಲ. ಭೂತಕಾಲವನ್ನ ಎಲ್ಲಿ ಕೊಯ್ಯಬೇಕು ಅನ್ನೋದು ಭಾಷೆಯಿಂದ ಭಾಷೆಗೆ ಬೇರೆ. ನಮ್ಮ ಡಿ. ಎನ್. ಶಂಕರ ಭಟ್ಟರು 1999ರಲ್ಲಿ ಇಂಗ್ಲಿಷಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಕೆಲವು ಭಾಷೆಗಳಿಗೆ ಕಾಲ ಮುಖ್ಯ, ಕೆಲವಕ್ಕೆ ಕೆಲಸ ಮುಗಿದಿದೆಯೋ ಇಲ್ಲವೋ ಅನ್ನೋದು ಮುಖ್ಯ, ಇನ್ನು ಕೆಲವಕ್ಕೆ ಹೇಳೋನ ಮನೋಭಾವ ಮುಖ್ಯ ಅಂತ. ಒಂದರ ಅಳತೆಗೋಲನ್ನ ಇನ್ನೊಂದಕ್ಕೆ ಹಿಡಿದ್ರೆ ನಿನ್ನ ರಿಪೋರ್ಟಿಗೆ ಆದದ್ದೇ ಆಗುತ್ತೆ.

— ಹಾಗಾದ್ರೆ ಹ್ಯಾಡಿನ ಅಳತೆಗೋಲು ಯಾವುದು?

— ಹ್ಯಾನ್ಸ್ ರೈಶನ್‌ಬಾಕ್ ಅಂತ ಒಬ್ಬ ತತ್ವಜ್ಞಾನಿ, ಜರ್ಮನಿ ಬಿಟ್ಟು ಕೊನೆಗೆ ಅಮೆರಿಕದಲ್ಲಿ ನೆಲೆಸಿದವನು. 1947ರ ತರ್ಕಶಾಸ್ತ್ರದ ಪುಸ್ತಕದಲ್ಲಿ ಕಾಲಗಳನ್ನ ಮೂರು ಚುಕ್ಕಿಯಲ್ಲಿ ಬಿಡಿಸಿಬಿಟ್ಟ. ಮಾತಾಡ್ತಿರೋ ಹೊತ್ತು ಒಂದು ಚುಕ್ಕಿ. ಕೆಲಸ ನಡೆದ ಹೊತ್ತು ಒಂದು ಚುಕ್ಕಿ. ಇವೆರಡನ್ನ ಯಾರು ಬೇಕಾದ್ರೂ ಹೇಳ್ತಿದ್ರು. ಅವನು ಸೇರಿಸಿದ್ದು ಮೂರನೇದು: ನಾವು ಎಲ್ಲಿ ನಿಂತು ನೋಡ್ತಿದ್ದೀವಿ ಅನ್ನೋ ಚುಕ್ಕಿ. ಸಿಂಪಲ್ ಪಾಸ್ಟಲ್ಲಿ, ಕೆಲಸ ನಡೆದ ಜಾಗದಲ್ಲೇ ನಿಂತು ನೋಡ್ತೀವಿ. ಪಾಸ್ಟ್ ಪರ್ಫೆಕ್ಟಲ್ಲಿ, ಹಿಂದೆ ಒಂದು ಕಡೆ ನಿಂತು, ಅಲ್ಲಿಂದ ಇನ್ನೂ ಹಿಂದಕ್ಕೆ ಕತ್ತು ತಿರುಗಿಸಿ ನೋಡ್ತೀವಿ. ನೀನು ರಾತ್ರಿ 2:25ಕ್ಕೆ ಕೀಬೋರ್ಡ್ ಮುಂದೆ ನಿಂತಿದ್ದೆ. ಅಲ್ಲಿಂದ ತಿರುಗಿ 1:50ನ್ನ ನೋಡಿದೆ. ಆ ನೋಟಕ್ಕೆ ಹ್ಯಾಡ್ ಬೇಕು. ಸರ್ವರ್ ಬಿದ್ದದ್ದನ್ನ ಹೇಳುವಾಗ ನೀನು ಯಾವ ಕಡೆಗೂ ತಿರುಗಿರಲಿಲ್ಲ.

— ಇದನ್ನ ಬೋರ್ಡ್ ಮೇಲೆ ಬರೆದಿದ್ರೆ ಆಗಲೇ ತಲೆಗೆ ಹತ್ತಿರೋದು. ಅಂದ್ರೆ 'ತುಂಬಾ ಹಿಂದೆ ನಡೆದದ್ದು' ಅನ್ನೋದಕ್ಕೂ ಹ್ಯಾಡ್‌ಗೂ ಸಂಬಂಧವೇ ಇಲ್ಲ?

— ಇಲ್ಲವೇ ಇಲ್ಲ. ತಾಳಿಕೋಟೆ ಯುದ್ಧ ನಡೆದದ್ದು 1565ರಲ್ಲಿ, ಅದಕ್ಕೆ ಸಿಂಪಲ್ ಪಾಸ್ಟೇ ಸಾಕು. ಇವತ್ತು ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನೀರು ತಣ್ಣಗಾಗಿತ್ತು ಅನ್ನು, ಹ್ಯಾಡ್ ಬೇಕು. ಮಕ್ಕಳು ಶಿವಾಜಿ, ಟಿಪ್ಪು ಬಗ್ಗೆ ಪ್ರಬಂಧ ಬರೆದ್ರೆ ಸಾಲಿಗೊಂದು ಹ್ಯಾಡ್ ಹಾಕೋರು, ಹಳೇದಲ್ವಾ ಅಂತ. ಇನ್ನೊಂದು ನೋಡು. ಕನ್ನಡದಲ್ಲಿ 'ಬಂದು, ಕೂತು, ಕಾಫಿ ಕುಡಿದು ಹೋದ' ಅಂತೀವಿ. ನಾಲ್ಕು ಕೆಲಸ, ಒಂದಾದಮೇಲೊಂದು, ಎಲ್ಲೂ 'ಇದ್ದ' ಇಲ್ಲ. ಇಂಗ್ಲಿಷಿನ ಸಿಂಪಲ್ ಪಾಸ್ಟೂ ಹೀಗೇ: ಕೇಮ್, ಸ್ಯಾಟ್, ಡ್ರ್ಯಾಂಕ್, ಲೆಫ್ಟ್. ನಡೆದ ಕ್ರಮದಲ್ಲೇ ಹೇಳ್ತಾ ಹೋದ್ರೆ ಹ್ಯಾಡಿಗೆ ಕೆಲಸವಿಲ್ಲ.

— ಒಂದು ನಿಮಿಷ. ಒಂದು ವಾಕ್ಯ ತೋರಿಸ್ತೀನಿ, ಫೋನಲ್ಲಿದೆ. ಆ ಮೀಟಿಂಗಲ್ಲಿ ಸಿಟ್ಟಿಗೆ ಕಾಲ್ ಕಟ್ ಮಾಡಿದ್ದೆ. ಅದಕ್ಕೆ ಆತ ಕಳಿಸಿದ ಮೇಲು: 'ಯು ಲೆಫ್ಟ್ ದಿ ಕಾಲ್ ಬಿಫೋರ್ ಐ ಹ್ಯಾಡ್ ಫಿನಿಶ್ಡ್.' ಈಗ ಹೇಳಿ. ನಾನು ಬಿಟ್ಟದ್ದು ಮೊದಲು. ಆತ ಮುಗಿಸಿದ್ದು ಆಮೇಲೆ. ಹ್ಯಾಡ್ ಇರೋದು ಆಮೇಲಿನದಕ್ಕೆ! ನಿಮ್ಮ ಸ್ಕೂಲ್ ರೂಲ್ ಎಲ್ಲಿ ಹೋಯ್ತು?

— ಎಲ್ಲಿ, ಕೊಡು ಕನ್ನಡಕ... ಭೇಷ್. ತಪ್ಪು ಅನ್ನೋಕಾಗಲ್ಲ, ಅಚ್ಚ ಇಂಗ್ಲಿಷ್ ಇದು. ನೀನು ಎದ್ದ ಗಳಿಗೇಲಿ ನಿಂತು ನೋಡು. ಆತನ ಮಾತು ಮುಗಿದ ಸ್ಥಿತಿಗೆ ಬಂದಿತ್ತಾ?

— ಇಲ್ಲ. ಇನ್ನೂ ಮುಗಿಸಿರಲಿಲ್ಲ.

— 'ಮುಗಿಸಿರಲಿಲ್ಲ'! ನಿನ್ನ ಬಾಯಲ್ಲೇ 'ಇರಲಿಲ್ಲ' ಬಂತು. 'ಅವನು ಮುಗಿಸಲಿಲ್ಲ' ಅಂದಿದ್ರೆ ಆತ ಕೊನೆಗೂ ಮುಗಿಸಲೇ ಇಲ್ಲ ಅಂತಾಗ್ತಿತ್ತು. ಇಲ್ಲಿ ಹ್ಯಾಡ್ ಹೇಳ್ತಿರೋದು ಮೊದಲು, ಆಮೇಲೆ ಅನ್ನೋ ಸರದಿಯನ್ನಲ್ಲ, ಆ ಹೊತ್ತಿಗೆ ಕೆಲಸ ಪೂರೈಸಿತ್ತೋ ಇಲ್ಲವೋ ಅನ್ನೋದನ್ನ. ಲ್ಯಾಟಿನ್ನಿಂದ ಬಂದ ಪರ್ಫೆಕ್ಟ್ ಅನ್ನೋ ಪದಕ್ಕೆ ವ್ಯಾಕರಣದಲ್ಲಿ ಅರ್ಥ ಅದೇ, ಪೂರೈಸಿದ್ದು. ನಾವು ಕ್ಲಾಸಲ್ಲಿ ಪಾಸ್ಟ್ ಅನ್ನೋದನ್ನ ಬಾಯಿಪಾಠ ಮಾಡಿಸಿದ್ವಿ, ಪರ್ಫೆಕ್ಟ್ ಅನ್ನೋದನ್ನ ಹಾರಿಸಿದ್ವಿ. ಇಂಥ ಜಾಗದಲ್ಲಿ ಕನ್ನಡ ಕಿವಿ ನಿನ್ನ ಕೈಬಿಡಲ್ಲ. 'ನಾನು ಹೋದಾಗ ಅವರು ಬಂದಿರಲಿಲ್ಲ', 'ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು'. ಹೋದಾಗ, ಅಷ್ಟರಲ್ಲಿ, ಹೊತ್ತಿಗೆ ಅಂತ ಒಂದು ಗೂಟ ಇದ್ದು, ಅದಕ್ಕೆ ಕಟ್ಟಿಹಾಕಿದ 'ಇತ್ತು' ಇದ್ರೆ ಕಣ್ಣುಮುಚ್ಚಿ ಹ್ಯಾಡ್ ಹಾಕು. ಗೂಟವೇ ಇಲ್ಲದ 'ಹೋಗಿದ್ದೆ', 'ಬಂದಿದ್ದೆ' ಇದೆಯಲ್ಲ, ಅದಕ್ಕೆ ಮಾತ್ರ ಹಾಕ್ಬೇಡ.

— 'ಬರ್ತೀಯ ಅಂದುಕೊಂಡಿದ್ದೆ' ಅಂತೀವಲ್ಲ. ಅಲ್ಲಿ ಗೂಟ ಇಲ್ಲ.

— ಕಾಣಿಸಲ್ಲ, ಆದರೆ ಇದೆ. ಅಂದುಕೊಂಡಿದ್ದೆ, ನೀನು ಬರಲಿಲ್ಲ. ಕೈಗೂಡದ ಆಸೆಗೆ ಎರಡು ಭಾಷೆಯೂ ಒಂದೇ ದಾರಿ ಹಿಡೀತಾವೆ. 'ಐ ಹ್ಯಾಡ್ ಹೋಪ್ಡ್', 'ಐ ಹ್ಯಾಡ್ ಮೆಂಟ್ ಟು'. 'ಗೊತ್ತಾಗಿದ್ರೆ ಬರ್ತಿದ್ದೆ' ಅನ್ನೋದಕ್ಕೂ ಅಷ್ಟೆ, 'ಇಫ್ ಐ ಹ್ಯಾಡ್ ನೋನ್'. ಅದರಲ್ಲಿ ನಮ್ಮ ಮಕ್ಕಳು ಅಷ್ಟಾಗಿ ತಪ್ಪಲ್ಲ. ಇನ್ನು ಅವನು ಹೀಗೆ ಅಂದ, ಹಾಗೆ ಅಂದ ಅನ್ನೋ ರಿಪೋರ್ಟೆಡ್ ಸ್ಪೀಚು ಬೇರೆ ಕಥೆ, ಇವತ್ತು ಬೇಡ.

— ಕಥೆ ಕಾದಂಬರೀಲಿ? ನಾನು ಓದೋ ಇಂಗ್ಲಿಷ್ ಕಾದಂಬರಿಗಳಲ್ಲಿ ಹಳೇ ಕಾಲಕ್ಕೆ ಹೋದಾಗ ಪುಟಗಟ್ಟಲೆ ಹ್ಯಾಡ್ ಇರಲ್ವಲ್ಲ.

— ಎರಡು ಮೂರು ವಾಕ್ಯ ಇರುತ್ತೆ, ಗಮನಿಸು. ಫ್ಲ್ಯಾಶ್‌ಬ್ಯಾಕಿನ ಬಾಗಿಲು ದಾಟೋವರೆಗೆ ಹ್ಯಾಡ್. ದಾಟಿದಮೇಲೆ ನಮ್ಮನ್ನ ಆ ಕಾಲದಲ್ಲೇ ನಿಲ್ಲಿಸಿಬಿಡ್ತಾರೆ, ಆಮೇಲೆ ಸಿಂಪಲ್ ಪಾಸ್ಟೇ. ವಾಪಸ್ ಬರುವಾಗ ಇನ್ನೊಂದು ಹ್ಯಾಡ್, ಇಲ್ಲಾಂದ್ರೆ 'ನೌ' ಅಂತ ಒಂದು ಪದ. ನಮ್ಮ ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಇದೆಯಲ್ಲ, ಅದರ ರೆನ್ ಕಾದಂಬರಿಕಾರನೂ ಹೌದು, ಗೊತ್ತಾ? 1924ರಲ್ಲಿ 'ಬೋ ಜೆಸ್ಟ್' ಅಂತ ಫ್ರೆಂಚ್ ಸೈನ್ಯದ ಸಾಹಸದ ಕಥೆ ಬರೆದು ಹೆಸರು ಮಾಡಿದ. ಬೊಂಬಾಯಿ ಕಡೆ ಶಿಕ್ಷಣ ಇಲಾಖೇಲಿದ್ದವನು. ನಮ್ಮ ಹುಡುಗರಿಗೆ ಅವನು ಕೆಂಪು ರಟ್ಟಿನ ಗ್ರಾಮರ್ ಪುಸ್ತಕ ಅಷ್ಟೆ.

— ಮಾತಾಡುವಾಗ ಇಂಗ್ಲಿಷಿನವರ ಬಾಯಲ್ಲಿ ಹ್ಯಾಡ್ ನನಗೆ ಕೇಳಿಸೋದೇ ಇಲ್ಲ.

— ಹೇಗೆ ಕೇಳಿಸುತ್ತೆ? 'ಐಡ್ ಗಾನ್' ಅಂತಾರೆ. ಹ್ಯಾಡ್ ಸವೆದು ಒಂದು 'ಡ್' ಉಳಿದಿರುತ್ತೆ. 'ವುಡ್' ಸವೆದ್ರೂ ಅದೇ 'ಡ್'. ನಾವೋ, ಇರೋ ಹ್ಯಾಡನ್ನೆಲ್ಲ ಗಂಟೆ ಬಾರಿಸಿದ ಹಾಗೆ ಪೂರ್ತಿ ಉಚ್ಚರಿಸ್ತೀವಿ. ನಾನೂ ಅದೇ ಪೈಕಿ, ಬಿಡು. ಪೆನ್ಷನ್ ಕಾಗದಪತ್ರಕ್ಕೆ ಇಲಾಖೆಗೆ ಬರೆದದ್ದು 'ಐ ಹ್ಯಾಡ್ ಸಬ್ಮಿಟೆಡ್ ಮೈ ಪೇಪರ್ಸ್ ಆನ್ 5ತ್ ಜೂನ್' ಅಂತ. ಇಂಗ್ಲಿಷ್ ಮೇಷ್ಟ್ರು! ಅವರೂ 'ಯು ಹ್ಯಾಡ್ ಸಬ್ಮಿಟೆಡ್' ಅಂತಲೇ ಉತ್ತರ ಬರೆದ್ರು. ಇಬ್ಬರಿಗೂ ಚೆನ್ನಾಗಿ ಅರ್ಥವಾಯ್ತು. ಪೆನ್ಷನ್ನು ಮಾತ್ರ ಎಂಟು ತಿಂಗಳು ತಡ.

— ಅಂದ್ರೆ ನಮ್ಮನಮ್ಮಲ್ಲಿ ನಡೆಯುತ್ತೆ.

— ನಡೆಯುತ್ತೆ. ಬರೆದವನ ತಲೇಲೂ ಓದುವವನ ತಲೇಲೂ ಕನ್ನಡದ 'ಇದ್ದೆ'ಯೇ ಇದೆಯಲ್ಲ. ಅದನ್ನ ತಪ್ಪು ಅಂತ ಕೆಂಪು ಇಂಕಲ್ಲಿ ಗೀಚೋ ಉತ್ಸಾಹ ನನಗೀಗ ಉಳಿದಿಲ್ಲ. ಲಂಡನ್ನಿಗೆ ಹೋಗೋ ಕಾಗದಕ್ಕೆ ಮಾತ್ರ ಆ ಕಡೆಯವನ ಕಿವಿ ಇಟ್ಕೊಂಡು ಓದ್ಬೇಕು. ಎಲ್ಲಿ, ನಿನ್ನ ರಿಪೋರ್ಟನ್ನ ಈಗ ಹೇಳು.

— 'ದಿ ಸರ್ವರ್ ಕ್ರ್ಯಾಶ್ಡ್ ಅಟ್ 2:10.' ಹ್ಯಾಡ್ ಇಲ್ಲ. 'ವಿ ರೀಸ್ಟಾರ್ಟೆಡ್ ಇಟ್ ಅಟ್ 2:25 ಅಂಡ್ ಫೌಂಡ್ ದಟ್ ದಿ ಡಿಸ್ಕ್...' ಇಲ್ಲಿ ತಿರುಗಿ ನೋಡ್ತಿದ್ದೀನಿ. '...ಹ್ಯಾಡ್ ಫಿಲ್ಡ್ ಅಪ್ ಅಟ್ 1:50.' ಒಂದೇ ಹ್ಯಾಡ್.

— ಆ ಒಂದರಲ್ಲೇ ನಿನ್ನ ತಲೆ ಮೇಲಿದ್ದ ಆರೋಪ ಇಳೀತು.

— ಸಾರ್, ಇದನ್ನೆಲ್ಲ ಆಗಲೇ ಯಾಕೆ ಹೇಳಿಕೊಡಲಿಲ್ಲ? 'ಹೋದೆ', 'ಹೋಗಿದ್ದೆ' ಅಂತ ಕನ್ನಡದಿಂದ ಶುರುಮಾಡಿದ್ರೆ ಹತ್ತು ನಿಮಿಷದ ಪಾಠ.

— ಇಂಗ್ಲಿಷ್ ಪೀರಿಯಡಲ್ಲಿ ಕನ್ನಡ ಮಾತಾಡಿದ್ರೆ ಹೆಡ್‌ಮಾಸ್ಟರು ಕಿಟಕಿ ಹತ್ರ ಬಂದು ನಿಲ್ತಿದ್ರು. ಪೋರ್ಷನ್ ಬೇರೆ ಮುಗೀಬೇಕು, ಡಿಸೆಂಬರೊಳಗೆ. ಆದರೂ ಒಂದು ದಿನ ಹೇಳ್ಬೇಕು ಅಂದುಕೊಂಡಿದ್ದೆ ಕಣಮ್ಮ.

— 'ಐ ಹ್ಯಾಡ್ ಮೆಂಟ್ ಟು.'

— ಹ್ಞೂಂ. ಅದಕ್ಕೆ ಹ್ಯಾಡ್ ಬೇಕು.